ಸ್ವಾಲ್ಬಾರ್ಡ್‌ಗೆ ಹೊರಡುವವರು ಏನೇನು ಒಯ್ಯಬೇಕು

ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹಕ್ಕೆ ಹೊರಡುವವರು ಪ್ರವಾಸ ಯೋಜಕಿಯಾದ ನನ್ನಲ್ಲಿ ಮೊದಲು ವಿಚಾರಿಸುವುದು ಎಷ್ಟು ದಪ್ಪದ ಜಾಕೆಟ್ ಬೇಕೆಂದು. ನಾನಾದರೋ ಮಾತನ್ನು ಒಳ ಉಡುಪಿನಿಂದಲೇ ಆರಂಭಿಸುತ್ತೇನೆ. ಹಿಮದಲ್ಲಿ ನಡೆಯುವಾಗ ಮೈ ಬೆವರುತ್ತದೆ. ಹತ್ತಿಯ ಬಟ್ಟೆ ಆ ಬೆವರನ್ನು ಹೀರಿಕೊಂಡು ಬಹುಹೊತ್ತು ಒದ್ದೆಯಾಗಿಯೇ ಉಳಿಯುವುದರಿಂದ, ನಡಿಗೆ ನಿಲ್ಲಿಸಿದೊಡನೆ ಮೈಯ ಶಾಖವೆಲ್ಲ ಸೋರಿಹೋಗತೊಡಗುತ್ತದೆ. ಆದ್ದರಿಂದ ಮೈಗೆ ತಾಗುವ ಪದರ ಮೆರಿನೊ ಉಣ್ಣೆಯದಿರಲಿ, ಅದರ ಮೇಲೆ ಫ್ಲೀಸ್ ಎಂಬ ಮೆತ್ತನೆಯ ಕೃತಕ ನೂಲಿನ ಬೆಚ್ಚನೆಯ ಅಂಗಿ, ಎಲ್ಲಕ್ಕಿಂತ ಹೊರಗೆ ಗಾಳಿ ತಡೆಯುವ ಜಾಕೆಟ್ ಇರಲಿ. ಬೆವರುವ ಮುನ್ನವೇ ಒಂದು ಪದರವನ್ನು ಕಳಚುವ ಅಭ್ಯಾಸವೂ ಬೇಕು. ಜುಲೈ ತಿಂಗಳ ಸರಾಸರಿ ಉಷ್ಣಾಂಶವೇ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರುವ ಊರಿಗೆ ಬೇಸಿಗೆಯಲ್ಲಿ ಹೋಗುವವರಿಗೂ ಈ ಮಾತು ಅನ್ವಯಿಸುತ್ತದೆ.

ಬೂಟಿನೊಳಗೆ ಬೆರಳಾಡಿಸಲು ಜಾಗವಿರಬೇಕು, ಏಕೆಂದರೆ ಬಿಗಿದ ಬೂಟಿನಲ್ಲಿ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತಸಂಚಾರ ಕುಗ್ಗಿ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಬೆರಳುಗಳೆಲ್ಲ ಒಟ್ಟಿಗೆ ಸೇರುವ ಕೈಗವಸು ಬಿಡಿಬೆರಳಿನದಕ್ಕಿಂತ ಬೆಚ್ಚಗಿರುತ್ತದೆ. ಸ್ನೋಸ್ಕೂಟರ್ ಸವಾರಿ ಏರ್ಪಡಿಸುವವರು ಸಾಮಾನ್ಯವಾಗಿ ದಪ್ಪ ಸೂಟು, ಬೂಟು, ಹೆಲ್ಮೆಟ್‌ಗಳನ್ನು ತಾವೇ ಕೊಡುತ್ತಾರೆ. ಅವರನ್ನು ಕೇಳದೆ ದುಬಾರಿ ಉಡುಪು ಕೊಳ್ಳಬೇಡಿ. ದ್ವೀಪಸಮೂಹದ ಮುಖ್ಯ ಪಟ್ಟಣವಾದ ಲಾಂಗ್ಯೀರ್‌ಬೈನ್‌ನ ಅನೇಕ ಹೋಟೆಲುಗಳಲ್ಲೂ ವಸ್ತುಸಂಗ್ರಹಾಲಯದಲ್ಲೂ ಬಾಗಿಲಲ್ಲೇ ಬೂಟು ಕಳಚಬೇಕಾಗುತ್ತದೆ. ಕಲ್ಲಿದ್ದಲು ಗಣಿಯ ಕಾಲದಿಂದ ಉಳಿದುಬಂದ ಈ ಪದ್ಧತಿಗಾಗಿ ಒಳಗೆ ಹಾಕಿಕೊಳ್ಳುವ ಮೆತ್ತನೆಯ ಪಾದರಕ್ಷೆಯೊಂದು ಜೊತೆಗಿರಲಿ.

ಉಳಿದ ಸಾಮಾನನ್ನು ಋತುವೇ ನಿರ್ಧರಿಸುತ್ತದೆ. ಉತ್ತರ ಅಕ್ಷಾಂಶ 78 ಡಿಗ್ರಿಯಲ್ಲಿರುವ ಈ ಪಟ್ಟಣದಲ್ಲಿ ಏಪ್ರಿಲ್ ಕೊನೆಯ ಭಾಗದಿಂದ ಆಗಸ್ಟ್ ಕೊನೆಯ ಭಾಗದವರೆಗೆ ಸೂರ್ಯ ಮುಳುಗುವುದೇ ಇಲ್ಲವಾದ್ದರಿಂದ ನಿದ್ರೆಗೆ ಕಣ್ಣುಪಟ್ಟಿ ಬೇಕು. ಹಿಮದ ಮೇಲಿಂದ ಚಿಮ್ಮುವ ಬಿಸಿಲಿಗೆ ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಬೇಕು. ಸೂರ್ಯ ಕಾಣಿಸದ ಚಳಿಗಾಲದಲ್ಲಿ ಹೋಗುವವರಿಗೆ ತಲೆಗೆ ಕಟ್ಟುವ ದೀಪವೂ ಬೆಳಕು ಪ್ರತಿಫಲಿಸುವ ಪಟ್ಟಿಯೂ ಅಗತ್ಯ.

ಚಳಿಯಲ್ಲಿ ಬ್ಯಾಟರಿಯ ಸಾಮರ್ಥ್ಯ ಕುಗ್ಗುವುದರಿಂದ ಹೆಚ್ಚುವರಿ ಬ್ಯಾಟರಿಗಳನ್ನು ಒಳಜೇಬಿನಲ್ಲಿಡಿ. ಹೊರಗಿನಿಂದ ಮರಳುವಾಗ ಕ್ಯಾಮೆರಾವನ್ನು ಗಾಳಿಯಾಡದ ಚೀಲಕ್ಕೆ ಹಾಕಿಕೊಂಡೇ ಒಳಗೆ ಬಂದರೆ, ತೇವ ಲೆನ್ಸಿನ ಮೇಲೆ ಕೂರದೆ ಚೀಲದ ಹೊರಮೈಯಲ್ಲೇ ಉಳಿಯುತ್ತದೆ. ಇನ್ಸುಲಿನ್ ಬಳಸುವವರು ಅದನ್ನು ಮೈಗೆ ಹತ್ತಿರವೇ ಇಟ್ಟುಕೊಳ್ಳಬೇಕು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಕೆಗೆ ಯೋಗ್ಯವಲ್ಲ.

ಕಾಗದಪತ್ರಗಳ ವಿಷಯದಲ್ಲಿ ನಾನು ತುಸು ಕಟ್ಟುನಿಟ್ಟು. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯದ ಹೊರಗೆ ಸ್ವಾಲ್ಬಾರ್ಡ್ ಇದೆ, ನಾರ್ವೆಯ ಮುಖ್ಯಭೂಮಿ ಅದರೊಳಗಿದೆ. ನಾರ್ವೆಯ ಮುಖ್ಯಭೂಮಿಯ ಮೂಲಕ ಹೋಗಿ ಮರಳುವವರು ಷೆಂಗೆನ್ ವಲಯವನ್ನು ಎರಡು ಸಲ ಪ್ರವೇಶಿಸಿದಂತಾಗುವುದರಿಂದ, ವೀಸಾ ಬೇಕಾದವರು ಕನಿಷ್ಠ ಎರಡು ಪ್ರವೇಶಗಳಿಗೆ ಅವಕಾಶವಿರುವ ವೀಸಾ ಪಡೆದಿರಬೇಕು. ಅಲ್ಲಿನ ಆಸ್ಪತ್ರೆ ಚಿಕ್ಕದು, ಗಂಭೀರ ರೋಗಿಗಳನ್ನು ವಿಮಾನದಲ್ಲಿ ಮುಖ್ಯಭೂಮಿಯ ಟ್ರೋಮ್ಸೊ ನಗರಕ್ಕೆ ಸಾಗಿಸುತ್ತಾರೆ. ಆದಕಾರಣ ಶೋಧ, ರಕ್ಷಣೆ ಮತ್ತು ವೈದ್ಯಕೀಯ ಸಾಗಣೆಯ ವೆಚ್ಚವನ್ನೂ ಭರಿಸುವ ವಿಮೆಯ ಪತ್ರ ಪಾಸ್‌ಪೋರ್ಟಿನ ಜೊತೆಯಲ್ಲೇ ಕೈಚೀಲದಲ್ಲಿರಲಿ.