ಮ್ಯಾನೋಸ್ ಕುಡಿಸಿದರೆ ಒಂದು ಮಗು ಚೇತರಿಸಿಕೊಳ್ಳುತ್ತದೆ, ಇನ್ನೊಂದು ಇಲ್ಲ. ಏಕೆ? ಗ್ಲೈಕೊಸಿಲೇಷನ್ ಬಗ್ಗೆ ನನ್ನ ಟಿಪ್ಪಣಿ

ಪ್ರೋಟೀನಿಗೆ ಸಕ್ಕರೆ ಸರಪಳಿ ಅಂಟಿಸುವ ಕೆಲಸವೇ ಗ್ಲೈಕೊಸಿಲೇಷನ್. ಮ್ಯಾನೋಸ್ ಅಂಥ ಒಂದು ಸಕ್ಕರೆ. ಈ ಪಾಠದಲ್ಲಿ ಒಂದೇ ಜಾಗದಲ್ಲಿ ಮೂರು ದಿನ ಸಿಕ್ಕಿಕೊಂಡಿದ್ದೆ. ನಿನ್ನೆ ರಾತ್ರಿ ಗಂಟು ಬಿಚ್ಚಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಹಾಗಾಗಿ ಆ ಗಂಟಿನ ಮಾತೇ ಇಲ್ಲಿ ಜಾಸ್ತಿ. ಉಳಿದದ್ದು ಪಠ್ಯಪುಸ್ತಕದಲ್ಲಿ ಚೆನ್ನಾಗಿಯೇ ಇದೆ.

ಮೊದಲು ಹೆಸರಿನ ತಕರಾರು

ಅಪ್ಪನ ಶುಗರ್ ರಿಪೋರ್ಟಿನಲ್ಲಿ ‘ಗ್ಲೈಕೊಸಿಲೇಟೆಡ್ ಹಿಮೋಗ್ಲೋಬಿನ್’ ಎಂದು ಅಚ್ಚಾಗಿತ್ತು. ಅದೇ ಎಚ್‌ಬಿಎ1ಸಿ. ನಾನು ಅದನ್ನೇ ಗ್ಲೈಕೊಸಿಲೇಷನ್‌ಗೆ ಉದಾಹರಣೆ ಎಂದು ನೋಟ್ಸಿನಲ್ಲಿ ಬರೆದುಕೊಂಡಿದ್ದೆ. ತಪ್ಪು. ಅಲ್ಲಿ ಕಿಣ್ವವೇ ಇಲ್ಲ. ರಕ್ತದಲ್ಲಿ ಗ್ಲೂಕೋಸ್ ಜಾಸ್ತಿ ಇದ್ದಷ್ಟೂ ಅದು ತಾನಾಗಿಯೇ ಹಿಮೋಗ್ಲೋಬಿನ್‌ಗೆ ಮೆತ್ತಿಕೊಳ್ಳುತ್ತದೆ. ಇದರ ಸರಿಯಾದ ಹೆಸರು ಗ್ಲೈಕೇಷನ್. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅದಕ್ಕೇ ಈ ಪರೀಕ್ಷೆ ಕಳೆದ ಎರಡು-ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುತ್ತದೆ.

ಗ್ಲೈಕೊಸಿಲೇಷನ್ ಹಾಗಲ್ಲ. ಅದು ಜೀವಕೋಶ ಬೇಕೆಂದೇ ಮಾಡುವ ಕೆಲಸ. ಯಾವ ಸಕ್ಕರೆ, ಯಾವ ಜಾಗ, ಎಷ್ಟು ಉದ್ದ ಎನ್ನುವುದಕ್ಕೆಲ್ಲ ಬೇರೆ ಬೇರೆ ಕಿಣ್ವಗಳಿವೆ. ಹಳೆ ರಿಪೋರ್ಟುಗಳಲ್ಲಿ ಹಳೆ ಹೆಸರು ಉಳಿದುಕೊಂಡಿದೆ, ಅಷ್ಟೇ.

ಹದಿನಾಲ್ಕು ಸಕ್ಕರೆಯ ಗೊಂಚಲು

ಪ್ರೋಟೀನಿನ ಆಸ್ಪರಾಜಿನ್ ಎಂಬ ಅಮೈನೊ ಆಮ್ಲಕ್ಕೆ ಅಂಟುವ ಸಕ್ಕರೆ ಸರಪಳಿಯನ್ನು ಎನ್-ಗ್ಲೈಕ್ಯಾನ್ ಎನ್ನುತ್ತಾರೆ. ಎಲ್ಲ ಆಸ್ಪರಾಜಿನ್‌ಗೂ ಅಂಟುವುದಿಲ್ಲ. ಅದರಿಂದ ಒಂದು ಜಾಗ ಬಿಟ್ಟು ಸೆರಿನ್ ಅಥವಾ ಥ್ರಿಯೊನಿನ್ ಇರಬೇಕು, ನಡುವೆ ಪ್ರೋಲಿನ್ ಇರಬಾರದು. ಸಕ್ಕರೆಗಳನ್ನು ಒಂದೊಂದಾಗಿ ಪ್ರೋಟೀನಿಗೆ ಅಂಟಿಸುವುದಿಲ್ಲ. ಡೋಲಿಕಾಲ್ ಎಂಬ ಉದ್ದನೆಯ ಕೊಬ್ಬಿನಂಥ ಅಣುವಿನ ಮೇಲೆ ಮೊದಲು ಇಡೀ ಗೊಂಚಲು ಕಟ್ಟಿ, ಆಮೇಲೆ ಒಂದೇ ಸಲಕ್ಕೆ ಪ್ರೋಟೀನಿಗೆ ದಾಟಿಸುತ್ತಾರೆ.

ಗೊಂಚಲಿನಲ್ಲಿ 14 ಸಕ್ಕರೆಗಳು: 2 ಎನ್-ಅಸೆಟೈಲ್ ಗ್ಲೂಕೋಸಮಿನ್, 9 ಮ್ಯಾನೋಸ್, 3 ಗ್ಲೂಕೋಸ್. ಈ ಒಂಬತ್ತನ್ನು ನೆನಪಿಡಿ. ಒಂಬತ್ತು ಮ್ಯಾನೋಸ್‌ಗಳೂ ಕೊನೆಗೆ ಒಂದೇ ಮೂಲದಿಂದ ಬರಬೇಕು: ಜಿಡಿಪಿ-ಮ್ಯಾನೋಸ್, ಅಂದರೆ ಸರಪಳಿಗೆ ಸೇರಿಸಲು ತಯಾರಾದ ಮ್ಯಾನೋಸ್. ಅದು ಕಡಿಮೆಯಾದರೆ ಗೊಂಚಲು ಅರ್ಧಕ್ಕೇ ನಿಲ್ಲುತ್ತದೆ, ಎಷ್ಟೋ ಪ್ರೋಟೀನುಗಳು ಗೊಂಚಲಿಲ್ಲದೆ ಬರಿಮೈಯಲ್ಲಿ ಹೊರಡುತ್ತವೆ. ಅಂಥ ಪ್ರೋಟೀನು ಸರಿಯಾಗಿ ಮಡಚಿಕೊಳ್ಳುವುದಿಲ್ಲ, ರಕ್ತದಲ್ಲಿ ಬಾಳಿಕೆ ಬರುವುದಿಲ್ಲ.

ಸಿಕ್ಕಿಕೊಂಡ ಜಾಗ

ಹುಟ್ಟಿನಿಂದಲೇ ಗ್ಲೈಕೊಸಿಲೇಷನ್ ಕೆಟ್ಟಿರುವ ರೋಗಗಳ ಗುಂಪಿಗೆ ಸಿಡಿಜಿ ಎನ್ನುತ್ತಾರೆ. ಬೆಲ್ಜಿಯಂನ ವೈದ್ಯ ಯಾಕ್ ಯಾಕೆನ್ 1980ರಲ್ಲಿ ಅವಳಿ ಅಕ್ಕ-ತಂಗಿಯರಲ್ಲಿ ಇದನ್ನು ಮೊದಲು ವರ್ಣಿಸಿದರು. ಈ ಗುಂಪಿನಲ್ಲಿ ಅಕ್ಕಪಕ್ಕದ ಮನೆಯವರಂತಿರುವ ಎರಡು ರೋಗಗಳೇ ನನ್ನನ್ನು ಕಾಡಿದ್ದು.

ಒಂದು, ಪಿಎಂಎಂ2 ಎಂಬ ಕಿಣ್ವದ ಕೊರತೆ. ಸಿಡಿಜಿಗಳಲ್ಲಿ ಹೆಚ್ಚು ಕಾಣುವುದು ಇದೇ. ಸ್ನಾಯು ಸಡಿಲ, ಮೆಳ್ಳಗಣ್ಣು, ಚಿಕ್ಕದಾದ ಕಿರುಮೆದುಳು, ಒಳಸೇರಿದ ಮೊಲೆತೊಟ್ಟು, ಅಲ್ಲಲ್ಲಿ ವಿಚಿತ್ರವಾಗಿ ಕೂಡಿದ ಕೊಬ್ಬು.

ಇನ್ನೊಂದು, ಎಂಪಿಐ ಎಂಬ ಕಿಣ್ವದ ಕೊರತೆ. ಇಲ್ಲಿ ಮೆದುಳು ಚೆನ್ನಾಗಿರುತ್ತದೆ. ಯಕೃತ್ತು ಮತ್ತು ಕರುಳು ಸೋಲುತ್ತವೆ. ವಾಂತಿ, ಭೇದಿ, ಸಕ್ಕರೆ ಇಳಿಯುವುದು, ಕರುಳಿನಿಂದ ಪ್ರೋಟೀನು ಸೋರುವುದು.

ಎರಡರಲ್ಲೂ ಜಿಡಿಪಿ-ಮ್ಯಾನೋಸ್ ತಯಾರಿ ಕುಂಟುತ್ತದೆ. ಎಂಪಿಐ ಮಕ್ಕಳಿಗೆ ಮ್ಯಾನೋಸನ್ನು ನೀರಿಗೆ ಬೆರೆಸಿ ಕುಡಿಸಿದರೆ ತುಂಬಾ ಮಟ್ಟಿಗೆ ಸುಧಾರಿಸುತ್ತಾರೆ. ಇದು 1998ರಿಂದ ಗೊತ್ತು. ಪಿಎಂಎಂ2 ಮಕ್ಕಳಿಗೆ ಕುಡಿಸಿದರೆ ಪ್ರಯೋಜನವಾಗಲಿಲ್ಲ. ನನ್ನ ಪ್ರಶ್ನೆ: ಇಬ್ಬರಿಗೂ ಮ್ಯಾನೋಸ್ ಕೊರತೆ ತಾನೇ? ಮತ್ತೆ ಈ ಭೇದ ಯಾಕೆ?

ಕಿಣ್ವಗಳ ಬಾಣದ ಗುರುತಿನ ಚಿತ್ರ ನೋಡಿ ನೋಡಿ ಸಾಕಾಯಿತು. ಕೊನೆಗೆ ಬೆಂಗಳೂರು-ಮೈಸೂರು ಹಳೆ ರಸ್ತೆ ಬರೆದುಕೊಂಡೆ. (ಎಕ್ಸ್‌ಪ್ರೆಸ್‌ವೇ ಮರೆತುಬಿಡಿ, ಅದು ಮದ್ದೂರಿನ ಊರೊಳಗೆ ಹೋಗುವುದಿಲ್ಲ, ನಮಗೆ ಮದ್ದೂರೇ ಮುಖ್ಯ.)

ಬೆಂಗಳೂರು ಅಂದರೆ ಫ್ರಕ್ಟೋಸ್-6-ಫಾಸ್ಫೇಟ್. ಇದು ನಾವು ತಿನ್ನುವ ಗ್ಲೂಕೋಸಿನಿಂದ ಆಗುತ್ತದೆ. ಮದ್ದೂರು ಅಂದರೆ ಮ್ಯಾನೋಸ್-6-ಫಾಸ್ಫೇಟ್. ಮಂಡ್ಯ ಅಂದರೆ ಮ್ಯಾನೋಸ್-1-ಫಾಸ್ಫೇಟ್. ಮೈಸೂರು ಅಂದರೆ ಜಿಡಿಪಿ-ಮ್ಯಾನೋಸ್.

ಬೆಂಗಳೂರಿನಿಂದ ಮದ್ದೂರಿಗೆ ಕರೆದೊಯ್ಯುವ ಬಸ್ಸು ಎಂಪಿಐ. ಮದ್ದೂರಿನಿಂದ ಮಂಡ್ಯಕ್ಕೆ ಒಯ್ಯುವ ಬಸ್ಸು ಪಿಎಂಎಂ2. ಈಗ ಕುಡಿಸಿದ ಮ್ಯಾನೋಸ್ ಎಲ್ಲಿ ಸೇರಿಕೊಳ್ಳುತ್ತದೆ? ಅದು ಬೆಂಗಳೂರಿಗೆ ಹೋಗುವುದೇ ಇಲ್ಲ. ಮಳವಳ್ಳಿ ಕಡೆಯಿಂದ ಬಂದವರಂತೆ ನೇರ ಮದ್ದೂರಿನಲ್ಲಿ ಇಳಿಯುತ್ತದೆ, ಯಾಕೆಂದರೆ ಹೆಕ್ಸೋಕೈನೇಸ್ ಎಂಬ ಕಿಣ್ವ ಅದಕ್ಕೆ ಫಾಸ್ಫೇಟ್ ಅಂಟಿಸಿ ಮ್ಯಾನೋಸ್-6-ಫಾಸ್ಫೇಟ್ ಮಾಡುತ್ತದೆ.

ಇಷ್ಟೇ ಗುಟ್ಟು! ಎಂಪಿಐ ಕೆಟ್ಟರೆ ಬೆಂಗಳೂರಿನ ಬಸ್ಸಿಲ್ಲ, ಮದ್ದೂರು ಖಾಲಿ. ಮಳವಳ್ಳಿ ಕಡೆಯಿಂದ ಜನ ಬಂದರೆ ಮದ್ದೂರು ತುಂಬುತ್ತದೆ, ಮುಂದಿನ ಬಸ್ಸು ಚೆನ್ನಾಗಿದೆ, ಮೈಸೂರು ಸೇರುತ್ತಾರೆ. ಪಿಎಂಎಂ2 ಕೆಟ್ಟರೆ ಮದ್ದೂರಿನಲ್ಲಿ ಜನಕ್ಕೆ ಮೊದಲೇ ಬರವಿಲ್ಲ. ಮುಂದಕ್ಕೆ ಬಸ್ಸು ಸಾಲದು. ಇನ್ನಷ್ಟು ಜನರನ್ನು ತಂದು ಇಳಿಸಿದರೆ ಮದ್ದೂರು ವಡೆ ಖರ್ಚಾದೀತು, ಅಷ್ಟೇ.

ಅವರು ಅಲ್ಲೇ ಕೂತಿರುವುದೂ ಇಲ್ಲ. ನಾನು ಬಿಟ್ಟುಬಿಟ್ಟಿದ್ದ ಎರಡನೇ ಸುಳಿವು ಇದು. ಎಂಪಿಐ ಎರಡೂ ದಿಕ್ಕಿಗೆ ಓಡುವ ಬಸ್ಸು. ಪಿಎಂಎಂ2 ರೋಗಿಯಲ್ಲಿ ಅದು ಸರಿಯಾಗಿಯೇ ಇದೆ. ಮದ್ದೂರಿನಲ್ಲಿ ಮಿಕ್ಕವರನ್ನು ಅದು ಬೆಂಗಳೂರಿಗೆ ವಾಪಸ್ ಒಯ್ಯುತ್ತದೆ. ಅಂದರೆ ಕುಡಿಸಿದ ಮ್ಯಾನೋಸ್ ಫ್ರಕ್ಟೋಸ್-6-ಫಾಸ್ಫೇಟ್ ಆಗಿ ಸುಮ್ನೆ ಶಕ್ತಿಗಾಗಿ ಉರಿದುಹೋಗುತ್ತದೆ. ಎಂಪಿಐ ಕೆಟ್ಟ ಮಗುವಿನಲ್ಲಿ ಈ ವಾಪಸ್ ದಾರಿಯೂ ಕಿರಿದು. ಬಂದ ಮ್ಯಾನೋಸ್‌ಗೆ ಮುಂದೆ ಹೋಗುವುದೇ ಸುಲಭ. ರೋಗ ತಂದ ದೋಷವೇ ಚಿಕಿತ್ಸೆಗೆ ನೆರವಾಗುತ್ತದೆ, ತಮಾಷೆ ಅಲ್ವಾ?

ನನ್ನನ್ನು ಇನ್ನಷ್ಟು ಗೊಂದಲಕ್ಕೆ ತಳ್ಳಿದ ಸಂಗತಿ ಒಂದಿತ್ತು. ಪಿಎಂಎಂ2 ರೋಗಿಗಳ ಚರ್ಮದ ಕೋಶಗಳನ್ನು ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿ ಮ್ಯಾನೋಸ್ ಹಾಕಿದಾಗ ಗ್ಲೈಕೊಸಿಲೇಷನ್ ಸುಧಾರಿಸಿತ್ತು. ಮಕ್ಕಳಿಗೆ ಕುಡಿಸಿದಾಗ ಅದು ಆಗಲಿಲ್ಲ. ಪಿಎಂಎಂ2 ಪೂರ್ತಿ ಸತ್ತಿರುವುದಿಲ್ಲ, ಸ್ವಲ್ಪ ಉಳಿದಿರುತ್ತದೆ. ಪೂರ್ತಿ ಇಲ್ಲದಿದ್ದರೆ ಮಗು ಬದುಕುವುದೇ ಇಲ್ಲ. ಆರ್141ಎಚ್ ಎಂಬ ಜೀನ್ ದೋಷ ಈ ರೋಗದಲ್ಲಿ ತೀರ ಸಾಮಾನ್ಯ. ಆದರೂ ತಂದೆ, ತಾಯಿ ಇಬ್ಬರಿಂದಲೂ ಅದನ್ನೇ ಪಡೆದ ರೋಗಿ ಕಂಡಿಲ್ಲ. ಹಾಗಾಗಿ ‘ಬಸ್ಸಿಲ್ಲ’ ಎನ್ನುವುದಕ್ಕಿಂತ ‘ದಿನಕ್ಕೊಂದೇ ಬಸ್ಸು’ ಎಂದುಕೊಳ್ಳಿ. ತಟ್ಟೆಯಲ್ಲಿ ಅದೊಂದು ಬಸ್ಸನ್ನು ಕಿಕ್ಕಿರಿದು ತುಂಬಿಸಬಹುದು. ಮೈಯಲ್ಲಿ ಅಷ್ಟು ಸುಲಭವಲ್ಲ.

ಹಾಗೆಂದು ಮ್ಯಾನೋಸ್ ಎಷ್ಟು ಕುಡಿದರೂ ನಡೆಯುತ್ತದೆ ಎಂದಲ್ಲ. ಜೇನುಹುಳಕ್ಕೆ ಮ್ಯಾನೋಸ್ ವಿಷ. ಅದರಲ್ಲಿ ಎಂಪಿಐ ತೀರ ಕಡಿಮೆ. ಒಳಬಂದ ಮ್ಯಾನೋಸ್‌ಗೆಲ್ಲ ಫಾಸ್ಫೇಟ್ ಅಂಟಿಸುತ್ತಾ ಕೋಶದ ಶಕ್ತಿಯ ಅಣುವಾದ ಎಟಿಪಿ ಖಾಲಿಯಾಗಿ ಹುಳು ಸಾಯುತ್ತದೆ. ಎಂಪಿಐ ಮಕ್ಕಳಲ್ಲಿ ಆ ಕಿಣ್ವ ಸ್ವಲ್ಪವಾದರೂ ಉಳಿದಿರುತ್ತದೆ, ಮ್ಯಾನೋಸನ್ನೂ ದಿನಕ್ಕೆ ಹಲವು ಸಲ, ಅಳತೆಯಲ್ಲಿ ಕೊಡುತ್ತಾರೆ.

ಪರೀಕ್ಷೆ: ನಾಲ್ಕು, ಎರಡು, ಸೊನ್ನೆ

ಪತ್ತೆಗೆ ರಕ್ತದಲ್ಲಿ ಕಬ್ಬಿಣ ಸಾಗಿಸುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ನೋಡುತ್ತಾರೆ. ಅದರಲ್ಲಿ ಗ್ಲೈಕ್ಯಾನ್ ಅಂಟುವ ಜಾಗ ಎರಡು. ಪ್ರತಿಯೊಂದರ ತುದಿಯಲ್ಲಿ ಸಾಮಾನ್ಯವಾಗಿ ಎರಡು ಸಿಯಾಲಿಕ್ ಆಮ್ಲ (ಇದೂ ಒಂದು ಬಗೆಯ ಸಕ್ಕರೆ). ಒಟ್ಟು ನಾಲ್ಕು. ಇಡೀ ಗೊಂಚಲೇ ತಪ್ಪಿದರೆ ಎರಡೆರಡಾಗಿ ಹೋಗುತ್ತವೆ: ನಾಲ್ಕರ ಬದಲು ಎರಡು ಅಥವಾ ಸೊನ್ನೆ. ಇದು ಟೈಪ್ 1. ನಮ್ಮ ಎರಡೂ ರೋಗಗಳು ಇದರಲ್ಲೇ ಬರುತ್ತವೆ. ಗೊಂಚಲು ಅಂಟಿದ ಮೇಲೆ ಗಾಲ್ಜಿಯಲ್ಲಿ (ಪ್ರೋಟೀನುಗಳನ್ನು ತಿದ್ದಿ ರವಾನಿಸುವ ಕೋಶದ ಭಾಗ) ಅಲಂಕಾರ ಕೆಟ್ಟರೆ ಮೂರು, ಒಂದು ಕೂಡ ಕಾಣುತ್ತವೆ. ಅದು ಟೈಪ್ 2.

ಹುಷಾರು: ಹಣ್ಣಿನ ಸಕ್ಕರೆ ಒಗ್ಗದ ಹುಟ್ಟುರೋಗದಲ್ಲೂ ಟೈಪ್ 1 ಕಾಣಬಹುದು. ಅಲ್ಲಿ ಶೇಖರವಾಗುವ ಫ್ರಕ್ಟೋಸ್-1-ಫಾಸ್ಫೇಟ್ ಎಂಪಿಐಯನ್ನು ತಡೆಯುತ್ತದೆ. ಅಂದರೆ ನಮ್ಮ ಬೆಂಗಳೂರು ಬಸ್ಸಿಗೇ ಅಡ್ಡ.

ಹೆಸರು ಒಂದೇ, ಮ್ಯಾನೋಸ್-6-ಫಾಸ್ಫೇಟ್ ಎರಡು

ಲೈಸೊಸೋಮಿಗೆ (ಕೋಶದ ಕಸ ಅರಗಿಸುವ ಚೀಲ) ಹೋಗುವ ಕಿಣ್ವಗಳ ಮೇಲಿನ ‘ವಿಳಾಸದ ಚೀಟಿ’ ಕೂಡ ಮ್ಯಾನೋಸ್-6-ಫಾಸ್ಫೇಟ್ ಎಂದು ಓದಿದಾಗ ತಲೆ ಕೆಟ್ಟಿತು. ಹಾಗಾದರೆ ಪಿಎಂಎಂ2 ರೋಗಿಯಲ್ಲಿ ಚೀಟಿ ಜಾಸ್ತಿ ಆಗಬೇಕಲ್ಲ? ಇಲ್ಲ. ಮದ್ದೂರಿನದು ಕೋಶರಸದಲ್ಲಿ ಬಿಡಿಬಿಡಿಯಾಗಿ ತೇಲುವ ಸಕ್ಕರೆ. ಚೀಟಿಯದು ಆಗಲೇ ಪ್ರೋಟೀನಿಗೆ ಅಂಟಿದ ಗೊಂಚಲಿನ ಮ್ಯಾನೋಸ್. ಅದಕ್ಕೆ ಗಾಲ್ಜಿಯ ಇನ್ನೊಂದು ಕಿಣ್ವ ಆಮೇಲೆ ಫಾಸ್ಫೇಟ್ ಅಂಟಿಸುತ್ತದೆ. ಈ ಕಿಣ್ವ ಇಲ್ಲದಿದ್ದರೆ ಐ-ಸೆಲ್ ರೋಗ. ಲೈಸೊಸೋಮಿನ ಕಿಣ್ವಗಳು ವಿಳಾಸವಿಲ್ಲದೆ ಕೋಶದಿಂದ ಹೊರಬಿದ್ದು ರಕ್ತದಲ್ಲಿ ತುಂಬಿಕೊಳ್ಳುತ್ತವೆ, ಒಳಗಿನ ಕಸ ಹಾಗೇ ಉಳಿಯುತ್ತದೆ. ಇಲ್ಲಿ ಮ್ಯಾನೋಸ್ ಕುಡಿಸಿ ಉಪಯೋಗವಿಲ್ಲ. ಮ್ಯಾನೋಸ್ ಮೊದಲೇ ಇದೆ, ಇಲ್ಲದ್ದು ಚೀಟಿ ಬರೆಯುವವನು.

ಅದೇ ಉಪಾಯ ಫ್ಯೂಕೋಸ್‌ಗೂ

ಸಕ್ಕರೆ ಎಲ್ಲಿ ಹತ್ತುತ್ತದೆ, ತಡೆ ಎಲ್ಲಿದೆ ಎಂದು ಕೇಳುವ ಅಭ್ಯಾಸವಾದ ಮೇಲೆ ಇದು ಬೇಗ ಅರ್ಥವಾಯಿತು. ಫ್ಯೂಕೋಸ್ ಇನ್ನೊಂದು ಸಕ್ಕರೆ. ಎಲ್‌ಎಡಿ-2 ಎಂಬ ಹುಟ್ಟುರೋಗದಲ್ಲಿ ಜಿಡಿಪಿ-ಫ್ಯೂಕೋಸ್ ತಯಾರಾಗುತ್ತದೆ, ಅದನ್ನು ಗಾಲ್ಜಿಯೊಳಗೆ ಸಾಗಿಸುವ ಪ್ರೋಟೀನು ಕೆಟ್ಟಿರುತ್ತದೆ. ಫ್ಯೂಕೋಸ್ ಇಲ್ಲದೆ ಬಿಳಿ ರಕ್ತಕಣಗಳು ರಕ್ತನಾಳದ ಗೋಡೆಗೆ ಅಂಟಿಕೊಳ್ಳಲಾರವು, ಸೋಂಕು ಮತ್ತೆ ಮತ್ತೆ ಬರುತ್ತದೆ. ಬಾಯಿಗೆ ಫ್ಯೂಕೋಸ್ ಕೊಟ್ಟಾಗ ಕೆಲವು ಮಕ್ಕಳಲ್ಲಿ ಸೋಂಕು ಇಳಿಯಿತು, ಇನ್ನು ಕೆಲವರಲ್ಲಿ ಏನೂ ಆಗಲಿಲ್ಲ. ಬಾಗಿಲು ಸ್ವಲ್ಪ ತೆರೆದಿದ್ದರೆ ಹೊರಗೆ ಗುಂಪು ಹೆಚ್ಚಿಸಿದಾಗ ಕೆಲವರಾದರೂ ನುಸುಳುತ್ತಾರೆ. ಪೂರ್ತಿ ಮುಚ್ಚಿದ್ದರೆ ಇಲ್ಲ.

ಈ ಮಕ್ಕಳ ರಕ್ತದ ಗುಂಪು ನೋಡಿದರೆ ಬಾಂಬೆ ಗುಂಪು! 1952ರಲ್ಲಿ ಭೇಂಡೆ ಮತ್ತು ಜೊತೆಗಾರರು ಮುಂಬೈಯಲ್ಲಿ ಕಂಡದ್ದು ಅದೇ ಗುಂಪು. ಎ, ಬಿ ಎರಡಕ್ಕೂ ಬುನಾದಿ ಎಚ್ ಆಂಟಿಜೆನ್, ಅಂದರೆ ಕೆಂಪು ರಕ್ತಕಣದ ಮೇಲಿನ ಒಂದು ಸಕ್ಕರೆ ಗುರುತು. ಎಚ್ ಆಗಲು ಸರಪಳಿಯ ತುದಿಗೆ ಒಂದು ಫ್ಯೂಕೋಸ್ ಬೇಕು. ಎಲ್‌ಎಡಿ-2ರಲ್ಲಿ ಫ್ಯೂಕೋಸ್ ಗಾಲ್ಜಿಗೆ ಬರಲಿಲ್ಲ. ಸಾಮಾನ್ಯ ಬಾಂಬೆ ಗುಂಪಿನವರಲ್ಲಿ ಫ್ಯೂಕೋಸ್ ಬಂದಿದೆ, ಅದನ್ನು ಎಚ್ ಜಾಗಕ್ಕೆ ಅಂಟಿಸುವ ಎಫ್‌ಯುಟಿ1 ಕಿಣ್ವ ಇಲ್ಲ. ಹಾಗಾಗಿ ಅವರ ಬಿಳಿ ರಕ್ತಕಣಗಳಿಗೆ ತೊಂದರೆಯಿಲ್ಲ, ಆರೋಗ್ಯವಾಗಿಯೇ ಇರುತ್ತಾರೆ. ರಕ್ತ ಬೇಕಾದಾಗ ಮಾತ್ರ ಕಷ್ಟ. ಓ ಗುಂಪಿನ ರಕ್ತದಲ್ಲೂ ಎಚ್ ಇರುವುದರಿಂದ ಅದನ್ನೂ ಕೊಡುವಂತಿಲ್ಲ, ಇನ್ನೊಬ್ಬ ಬಾಂಬೆ ಗುಂಪಿನವರನ್ನೇ ಹುಡುಕಬೇಕು.