ಮುಟ್ಟಿ ತಿಳಿಯುವ ಮಾದರಿಯನ್ನು ಕಟ್ಟುವುದೆಂದರೆ

ಶಾಲಾ ಕಾಲೇಜುಗಳ ವಸ್ತುಪ್ರದರ್ಶನಕ್ಕೆ ಮಾಡಿದ ಮಾದರಿಯ ಪಕ್ಕದಲ್ಲಿ ಅದನ್ನು ಮಾಡಿದವರೇ ನಿಂತಿರುತ್ತಾರೆ. ವಿಜ್ಞಾನ ಕೇಂದ್ರದಲ್ಲಿ ಸಾರ್ವಜನಿಕರು ಕೈಯಾರೆ ನಡೆಸಿ ನೋಡಲೆಂದು ಇಟ್ಟ ಮಾದರಿಯ ಪಕ್ಕದಲ್ಲಿ ಸಾಮಾನ್ಯವಾಗಿ ಅವರಿರುವುದಿಲ್ಲ. ಸಡಿಲವಾದ ತಂತಿಯನ್ನು ಬಿಗಿಯಲು, ತಪ್ಪಾಗಿ ಎಳೆದ ಸನ್ನೆಯನ್ನು ತಿದ್ದಲು, ಕಂಡದ್ದು ಏನೆಂದು ವಿವರಿಸಲು ಅವರು ಅಲ್ಲಿ ಸಿಗುವುದಿಲ್ಲವಾದ್ದರಿಂದ, ಬಾಯಿಮಾತಿನಲ್ಲಿ ಹೇಳಿ ಮುಗಿಸಬಹುದಾಗಿದ್ದ ಎಲ್ಲವನ್ನೂ ಮಾದರಿಯ ಆಕಾರ, ಹಿಡಿಕೆ ಮತ್ತು ಎತ್ತರಗಳೇ ಹೇಳಬೇಕಾಗುತ್ತದೆ. ವಿಜ್ಞಾನ, ಎಂಜಿನಿಯರಿಂಗ್, ವಿನ್ಯಾಸಗಳನ್ನು ಓದುವ ವಿದ್ಯಾರ್ಥಿಗಳು ತಂಡವಾಗಿ ಸೇರಿ ಇಂಥ ಮಾದರಿಯೊಂದನ್ನು ಕಟ್ಟುವುದು ಅವರು ಬರೆಯುವ ಯಾವ ಲಿಖಿತ ಪರೀಕ್ಷೆಗಿಂತಲೂ ಕಠಿಣವೆಂದು ನಾನು ನಂಬಿರುವುದು ಈ ಕಾರಣಕ್ಕೆ.

ನೋಡುಗರು ಗುಂಡಿ ಒತ್ತಿ ಯಂತ್ರಗಳನ್ನು ನಡೆಸುವ ಅವಕಾಶವನ್ನು 1903ರಲ್ಲಿ ಸ್ಥಾಪನೆಯಾದ ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂ ಬಹಳ ಹಿಂದೆಯೇ ಒದಗಿಸಿತ್ತು. ಗುಂಡಿ ಒತ್ತುವುದಷ್ಟೇ ಸಾಲದು, ನೋಡುಗರು ತಾವೇ ಪ್ರಯೋಗ ಮಾಡುವಂತಿರಬೇಕು ಎಂಬ ವಿಚಾರಕ್ಕೆ ಗಟ್ಟಿ ನೆಲೆ ಒದಗಿಸಿದವರಲ್ಲಿ ಭೌತವಿಜ್ಞಾನಿ ಫ್ರಾಂಕ್ ಓಪನ್‌ಹೈಮರ್ ಪ್ರಮುಖರು. ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ ಅವರು ‘ಪ್ರಯೋಗಗಳ ಗ್ರಂಥಾಲಯ’ವೊಂದನ್ನು ಕಟ್ಟಿ, ವಿದ್ಯಾರ್ಥಿಗಳು ತಮ್ಮದೇ ವೇಗದಲ್ಲಿ ಉಪಕರಣಗಳೊಡನೆ ಕಾಲ ಕಳೆಯಲು ಅನುವು ಮಾಡಿದ್ದರು. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರು ಆರಂಭಿಸಿದ ವಿಜ್ಞಾನ ಸಂಗ್ರಹಾಲಯ ಎಕ್ಸ್‌ಪ್ಲೊರಟೋರಿಯಂ ಈ ಅನುಭವದಿಂದಲೇ ಬೆಳೆಯಿತು. ಅಲ್ಲಿ ಮಾದರಿಗಳನ್ನು ತಯಾರಿಸುವ ಕಾರ್ಯಾಗಾರವೂ ನೋಡುಗರ ಕಣ್ಣಿಗೆ ಬೀಳುವಂತಿತ್ತು, ಪ್ರೌಢಶಾಲೆಯ ವಿದ್ಯಾರ್ಥಿಗಳು ನೋಡುಗರಿಗೆ ನೆರವಾಗುತ್ತಿದ್ದರು.

ಇಂಥ ಕೆಲಸದಲ್ಲಿ ವಿಜ್ಞಾನ ಮತ್ತು ಕುಶಲತೆ ಎಷ್ಟು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ ಎಂಬುದಕ್ಕೆ ತಾಮ್ರದ ಕೊಳವೆಯೊಳಗೆ ಬೀಳುವ ಅಯಸ್ಕಾಂತದ ಪ್ರಯೋಗವನ್ನೇ ನೋಡಬಹುದು. ಒಂದು ಮೀಟರ್ ಎತ್ತರದಿಂದ ಬಿಟ್ಟ ವಸ್ತು ನೆಲ ಮುಟ್ಟಲು ಅರ್ಧ ಸೆಕೆಂಡಿಗಿಂತ ಕಡಿಮೆ ಸಮಯ ಸಾಕು, ಆದರೆ ಅಷ್ಟೇ ಉದ್ದದ ದಪ್ಪ ತಾಮ್ರದ ಕೊಳವೆಯಲ್ಲಿ ಬಿಟ್ಟ ಬಲವಾದ ನಿಯೋಡಿಮಿಯಂ ಅಯಸ್ಕಾಂತ ಹಲವು ಸೆಕೆಂಡುಗಳ ಕಾಲ ನಿಧಾನವಾಗಿ ಇಳಿಯುತ್ತದೆ. ತಾಮ್ರವನ್ನು ಅಯಸ್ಕಾಂತ ಸೆಳೆಯುವುದಿಲ್ಲವಾದರೂ, ಚಲಿಸುವ ಅಯಸ್ಕಾಂತದಿಂದ ಬದಲಾಗುವ ಕಾಂತಕ್ಷೇತ್ರವು ಕೊಳವೆಯ ಗೋಡೆಯಲ್ಲಿ ಸುಳಿ ವಿದ್ಯುತ್‌ಪ್ರವಾಹವನ್ನು ಹುಟ್ಟಿಸುತ್ತದೆ. ಆ ಪ್ರವಾಹ ತನ್ನನ್ನು ಹುಟ್ಟಿಸಿದ ಚಲನೆಯನ್ನೇ ತಡೆಯುತ್ತದೆ. 1831ರಲ್ಲಿ ಫ್ಯಾರಡೆ ಕಂಡ ವಿದ್ಯುತ್ಕಾಂತೀಯ ಪ್ರೇರಣೆ ಮತ್ತು 1834ರಲ್ಲಿ ಲೆಂಜ್ ಹೇಳಿದ ನಿಯಮ ಇವೇ. ವೇಗ ಹೆಚ್ಚಿದಂತೆ ತಡೆಯೂ ಹೆಚ್ಚಿ, ಅದು ಅಯಸ್ಕಾಂತದ ತೂಕಕ್ಕೆ ಸಮವಾದ ಕ್ಷಣದಿಂದ ಅಯಸ್ಕಾಂತ ಏಕರೂಪದ ವೇಗದಲ್ಲಿ ಇಳಿಯುತ್ತದೆ.

ಆದರೆ ಕೊಳವೆಯೊಳಗೆ ಇಳಿಯುತ್ತಿರುವುದು ಹೊರಗಿನವರಿಗೆ ಕಾಣುವುದೇ ಇಲ್ಲ. ಕಾಣಲೆಂದು ತಂಡವು ಕೊಳವೆಯನ್ನು ಉದ್ದಕ್ಕೆ ಸೀಳಿದರೆ ಅಯಸ್ಕಾಂತ ಮೊದಲಿಗಿಂತ ಬೇಗ ಕೆಳಗೆ ಬರುತ್ತದೆ, ಏಕೆಂದರೆ ಗೋಡೆಯ ಸುತ್ತ ಪೂರ್ತಿ ಸುತ್ತಬೇಕಿದ್ದ ಪ್ರವಾಹದ ದಾರಿಯನ್ನು ಆ ಸೀಳು ಕಡಿದುಹಾಕಿರುತ್ತದೆ. ಅಲ್ಲಲ್ಲಿ ಸಣ್ಣ ಕಿಂಡಿಗಳನ್ನು ಕೊರೆದರೆ ಪ್ರವಾಹ ಅವುಗಳನ್ನು ಬಳಸಿಕೊಂಡು ಹರಿಯುತ್ತದೆ, ಪರಿಣಾಮವೂ ಬಹುಮಟ್ಟಿಗೆ ಉಳಿಯುತ್ತದೆ. ಹಾಗೆಂದು ಸೀಳಿದ ಕೊಳವೆಯನ್ನು ಎಸೆಯಬೇಕಿಲ್ಲ. ಪ್ಲಾಸ್ಟಿಕ್ ಕೊಳವೆ, ಸೀಳಿದ ತಾಮ್ರದ ಕೊಳವೆ, ಕಿಂಡಿ ಕೊರೆದ ತಾಮ್ರದ ಕೊಳವೆ ಮೂರನ್ನೂ ಒಟ್ಟಿಗೆ ನಿಲ್ಲಿಸಿದಾಗ ನೋಡುಗರ ಮುಂದೆ ಒಂದು ಅಚ್ಚರಿಯ ಬದಲು ಒಂದು ಪ್ರಶ್ನೆ ನಿಲ್ಲುತ್ತದೆ, ಮತ್ತು ಆ ಪ್ರಶ್ನೆಯೇ ಮಾದರಿಯ ನಿಜವಾದ ಬೆಲೆ ಎಂಬುದು ನನ್ನ ಅಭಿಪ್ರಾಯ.

ಇನ್ನು ಅಯಸ್ಕಾಂತವನ್ನು ಜನರ ಕೈಗೆ ಬಿಡಿಯಾಗಿ ಕೊಡುವಂತಿಲ್ಲ. ನಿಯೋಡಿಮಿಯಂ ಅಯಸ್ಕಾಂತ ಸುಲಭವಾಗಿ ಒಡೆಯುತ್ತದೆ, ಮಕ್ಕಳು ಒಂದಕ್ಕಿಂತ ಹೆಚ್ಚು ನುಂಗಿದರೆ ಅವು ಕರುಳಿನ ಪದರಗಳ ಆಚೀಚೆಯಿಂದ ಪರಸ್ಪರ ಸೆಳೆದು ಪ್ರಾಣಾಪಾಯವನ್ನೇ ತರಬಲ್ಲವು, ಪೇಸ್‌ಮೇಕರ್ ಧರಿಸಿದವರೂ ಅದರಿಂದ ದೂರವಿರಬೇಕು. ಆದ್ದರಿಂದ ಕೊಳವೆಗಳ ಎರಡೂ ತುದಿಗಳನ್ನು ಪಾರದರ್ಶಕ ಮುಚ್ಚಳದಿಂದ ಮುಚ್ಚಿ, ಮೂರನ್ನೂ ಒಂದೇ ಚೌಕಟ್ಟಿಗೆ ಜೋಡಿಸಿ, ಮರಳು ಗಡಿಯಾರದಂತೆ ತಲೆಕೆಳಗು ಮಾಡುವ ಏರ್ಪಾಡು ಒಳ್ಳೆಯದು. ಆಗ ಹೊಸ ತೊಡಕುಗಳು ಎದುರಾಗುತ್ತವೆ. ಕೊಳವೆಗಳು ತೀರ ಹತ್ತಿರವಿದ್ದರೆ ಒಂದರೊಳಗಿನ ಅಯಸ್ಕಾಂತ ಮತ್ತೊಂದರದನ್ನು ಸೆಳೆಯುತ್ತದೆ. ಕಬ್ಬಿಣದ ಚೌಕಟ್ಟು ಅಯಸ್ಕಾಂತವನ್ನು ಹಿಡಿದಿಡುತ್ತದೆ, ಅಲ್ಯೂಮಿನಿಯಂ ಚೌಕಟ್ಟಾದರೆ ತಾನೂ ವಾಹಕವಾದ್ದರಿಂದ ಪ್ಲಾಸ್ಟಿಕ್ ಕೊಳವೆಯ ಅಯಸ್ಕಾಂತವನ್ನೂ ಅಷ್ಟಿಷ್ಟು ತಡೆಯಬಹುದು. ಹೀಗಾಗಿ ಮರವೇ ಸೂಕ್ತ. ಮಕ್ಕಳು ಚೌಕಟ್ಟನ್ನು ಚಕ್ರದ ಹಾಗೆ ತಿರುಗಿಸುತ್ತಲೇ ಇರುವುದರಿಂದ ಅರ್ಧ ಸುತ್ತಿಗೆ ನಿಲ್ಲಿಸುವ ತಡೆಯೂ ಬೇಕು.

ಇವುಗಳಲ್ಲಿ ಎಷ್ಟೋ ಸಂಗತಿಗಳು ನಕ್ಷೆ ಬರೆಯುವಾಗ ಹೊಳೆಯುವುದಿಲ್ಲ. ರಟ್ಟು, ಅಂಟುಪಟ್ಟಿ, ಹಳೆಯ ಮರದ ತುಂಡುಗಳಿಂದ ಒರಟಾದ ಮೊದಲ ಮಾದರಿಯನ್ನು ಬೇಗ ಕಟ್ಟಿ, ಅಪರಿಚಿತರ ಮುಂದಿಟ್ಟು, ತಾವು ದೂರದಲ್ಲಿ ಸುಮ್ಮನೆ ನಿಂತು ನೋಡಿದಾಗ ಮಾತ್ರ ಅವು ತಿಳಿಯುತ್ತವೆ. ಮಧ್ಯೆ ಬಾಯಿ ಹಾಕದೆ ನಿಲ್ಲುವುದು ತಯಾರಿಸಿದವರಿಗೆ ಬಹಳ ಕಷ್ಟ, ಆದರೂ ಹಾಗೆ ನಿಲ್ಲಲೇಬೇಕು. ಬಹುಪಾಲು ಜನ ಮೊದಲು ಕೈ ಹಾಕಿ ನಂತರ ಫಲಕವನ್ನು ಓದುತ್ತಾರೆ, ಕೆಲವರು ಓದುವುದೇ ಇಲ್ಲ. ಆದ್ದರಿಂದ ಫಲಕದ ಮೊದಲ ಸಾಲು ವ್ಯಾಖ್ಯೆಯಾಗಿರಬಾರದು, ‘ಚೌಕಟ್ಟನ್ನು ತಲೆಕೆಳಗು ಮಾಡಿ, ಯಾವುದು ಕೊನೆಗೆ ಬೀಳುತ್ತದೆ ನೋಡಿ’ ಎಂಬಂಥ ಸೂಚನೆಯಾಗಿರಬೇಕು. ಲೆಂಜ್‌ನ ಹೆಸರು ಕೆಳಗೆ ಸಣ್ಣ ಅಕ್ಷರದಲ್ಲಿ ಬಂದರೆ ಸಾಕು.

ವಿದ್ಯಾರ್ಥಿಗಳು ಕಟ್ಟಿದ ಮಾದರಿಗಳಿಗೆ ವಿಶೇಷವಾಗಿ ಒದಗುವ ಅಪಾಯ ಮತ್ತೊಂದಿದೆ. ತಂಡದವರು ಓದು ಮುಗಿಸಿ ಹೊರಟುಹೋಗುತ್ತಾರೆ, ಮಾದರಿ ಮಾತ್ರ ದಿನವೂ ಅಸಂಖ್ಯ ಕೈಗಳಿಗೆ ಸಿಕ್ಕು ಸವೆಯುತ್ತ ಅಲ್ಲೇ ಇರುತ್ತದೆ. ಯಾವ ಅಳತೆಯ ಬೇರಿಂಗ್ ಹಾಕಿದೆ, ಮುಚ್ಚಳ ಒಡೆದರೆ ಯಾವ ಸ್ಕ್ರೂ ಬಿಚ್ಚಬೇಕು, ಅಯಸ್ಕಾಂತವನ್ನು ಬದಲಿಸುವಾಗ ಬೆರಳು ಸಿಕ್ಕಿಕೊಳ್ಳದಂತೆ ಹೇಗೆ ಹಿಡಿಯಬೇಕು ಎಂಬ ವಿವರಗಳನ್ನು ಚಿತ್ರಸಹಿತ ಬರೆದು, ಬೇಗ ಸವೆಯುವ ಭಾಗಗಳ ಬಿಡಿ ಜೊತೆಯೊಂದನ್ನು ಸೇರಿಸಿ, ಅದನ್ನು ನೋಡಿಕೊಳ್ಳುವ ತಂತ್ರಜ್ಞರ ಕೈಗೆ ಒಪ್ಪಿಸುವವರೆಗೂ ತಂಡದ ಕೆಲಸ ಮುಗಿದಿರುವುದಿಲ್ಲ.