ಡೈ ಮ್ಯಾಚ್: ನಕಲಿ ರೋಮನ್ ನಾಣ್ಯ ಸಿಕ್ಕಿಬೀಳುವ ಬಗೆ

ಪ್ರಾಚೀನ ನಾಣ್ಯಗಳ ಸಂಗ್ರಾಹಕರ ಮಾತಿನಲ್ಲಿ ಪದೇ ಪದೇ ಕೇಳಿಬರುವ ಪದ ‘ಡೈ ಮ್ಯಾಚ್’. ಟಂಕಸಾಲೆಯ ಕೆತ್ತನೆಗಾರ ಕೈಯಿಂದ ಕೊರೆದ ಅಚ್ಚೇ ಡೈ. ಎರಡು ನಾಣ್ಯಗಳು ಒಂದೇ ಡೈಯಿಂದ ಹುಟ್ಟಿವೆ ಎಂದು ಗುರುತಿಸಿದರೆ ಅದು ಡೈ ಮ್ಯಾಚ್. ಚಕ್ರವರ್ತಿಯ ಮೂಗಿನ ತುದಿ ಯಾವ ಅಕ್ಷರದ ನೇರಕ್ಕೆ ಬಂದಿದೆ, ತಲೆಗೆ ಸುತ್ತಿದ ಎಲೆಮಾಲೆಯ ದಾರ ಕತ್ತಿನ ಮೇಲೆ ಎಲ್ಲಿ ಬಾಗಿದೆ, ಸುತ್ತಲಿನ ಬರಹದ ಎರಡು ಅಕ್ಷರಗಳ ನಡುವೆ ಎಷ್ಟು ಜಾಗ ಉಳಿದಿದೆ, ಇಂಥವೆಲ್ಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿಬರಬೇಕು. ಒಂದೇ ಚಿತ್ರ, ಒಂದೇ ಬರಹ ಇದ್ದ ಮಾತ್ರಕ್ಕೆ ಸಾಲದು. ಒಂದೇ ಬಗೆಯ ನಾಣ್ಯಕ್ಕೆ ರೋಮನ್ನರು ಹತ್ತಾರು, ಕೆಲವೊಮ್ಮೆ ನೂರಾರು ಡೈಗಳನ್ನು ಕೊರೆಯುತ್ತಿದ್ದರು, ಕೈಕೆಲಸವಾದ್ದರಿಂದ ಯಾವ ಎರಡು ಡೈಗಳೂ ಪೂರ್ತಿ ಒಂದೇ ಆಗಿರುತ್ತಿರಲಿಲ್ಲ.

ಇತಿಹಾಸಕಾರರಿಗೆ ಈ ಹೋಲಿಕೆಯಿಂದ ಟಂಕಸಾಲೆಯೊಂದು ಎಷ್ಟು ದುಡಿಯಿತು ಎಂಬ ಅಂದಾಜು ಸಿಗುತ್ತದೆ. ಆನ್‌ಲೈನ್ ಹರಾಜಿನಲ್ಲಿ ಕೊಳ್ಳುವವರಿಗೆ ಸಿಗುವುದು ಬೇರೆಯೇ. ನಾಣ್ಯ ಕೈಯಲ್ಲಿಲ್ಲ, ತೂಗಲಾಗದು, ಅಂಚಿನ ಮೇಲೆ ಬೆರಳಾಡಿಸಲಾಗದು, ಇರುವುದು ಎರಡು ಫೋಟೊ ಮಾತ್ರ. ಆ ಎರಡು ಫೋಟೊಗಳಿಂದಲೇ ಹೊರಡುವ ಪರೀಕ್ಷೆಗಳಲ್ಲಿ ಡೈ ಹೋಲಿಕೆಯಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಆದರೆ ಅದನ್ನು ಅರ್ಧಕ್ಕೆ ತಿಳಿದುಕೊಂಡವರು ಅಸಲಿಯನ್ನು ನಕಲಿ ಎಂದೂ ನಕಲಿಯನ್ನು ಅಸಲಿ ಎಂದೂ ಹೇಳಿಬಿಡುವ ಅಪಾಯವಿದೆ. ಆದ್ದರಿಂದ ಸ್ವಲ್ಪ ಬುಡದಿಂದಲೇ ನೋಡೋಣ.

ರೋಮನ್ ನಾಣ್ಯ ತಯಾರಾಗುತ್ತಿದ್ದುದು ಹೀಗೆ. ಮುಮ್ಮುಖದ ಡೈಯನ್ನು ಅಡಿಗಲ್ಲಿನಲ್ಲಿ ಕೂರಿಸುತ್ತಿದ್ದರು. ಅದರ ಮೇಲೆ ಕಾಯಿಸಿದ ಲೋಹದ ಬಿಲ್ಲೆ, ಬಿಲ್ಲೆಯ ಮೇಲೆ ಹಿಮ್ಮುಖದ ಡೈ, ಆಮೇಲೆ ಸುತ್ತಿಗೆಯ ಏಟು. ಹೀಗಾಗಿ ಪ್ರತಿ ನಾಣ್ಯದ ಮೇಲೆ ಎರಡು ಬಗೆಯ ಗುರುತುಗಳು ಉಳಿಯುತ್ತವೆ. ಮೊದಲನೆಯವು ಡೈಯಿಂದ ಬಂದವು: ಮುಖ, ಅಕ್ಷರ, ಚುಕ್ಕೆಗಳ ಸುತ್ತು, ಡೈ ಬಿರುಕು ಬಿಟ್ಟಿದ್ದರೆ ಆ ಬಿರುಕಿನಿಂದ ಎದ್ದ ಗೆರೆ. ಎರಡನೆಯವು ಆ ಒಂದು ಬಿಲ್ಲೆಗೆ, ಆ ಒಂದು ಏಟಿಗೆ, ಮುಂದಿನ ಎರಡು ಸಾವಿರ ವರ್ಷಗಳ ಬಾಳಿಗೆ ಸೇರಿದವು: ಬಿಲ್ಲೆಯ ಸೊಟ್ಟ ಆಕಾರ, ಚಿತ್ರ ಒಂದು ಕಡೆಗೆ ಜಾರಿ ಕೂತ ರೀತಿ, ಏಟಿಗೆ ಅಂಚು ಸೀಳಿದ ಜಾಗ, ಕೈಯಿಂದ ಕೈಗೆ ಓಡಾಡಿ ಸವೆದ ಕೆನ್ನೆ, ಯಾರೋ ಗೀಚಿದ ಗೆರೆ, ಮಣ್ಣು ತಿಂದು ಬಿದ್ದ ಕುಳಿ.

ಮೊದಲನೆಯ ಬಗೆಯವು ಎರಡು ಅಸಲಿ ನಾಣ್ಯಗಳಲ್ಲಿ ಒಂದೇ ಇರಬಹುದು. ಎರಡನೆಯ ಬಗೆಯವು ಇರಲಾರವು. ಒಂದೇ ಡೈಯಿಂದ ಸಾವಿರಾರು ನಾಣ್ಯ ಬರಲಿ, ಎರಡರ ಅಂಚು ಒಂದೇ ಜಾಗದಲ್ಲಿ, ಒಂದೇ ಕೋನದಲ್ಲಿ ಸೀಳಿ, ಮೇಲಿಂದ ಎರಡಕ್ಕೂ ಗಲ್ಲದ ಕೆಳಗೆ ಒಂದೇ ಗೀರು ಬೀಳುವುದು ನಡೆಯುವ ಮಾತಲ್ಲ. ಅಂಥ ಜೋಡಿ ಕಂಡರೆ ಎರಡರಲ್ಲಿ ಒಂದಾದರೂ ನಕಲಿ, ಬಹಳ ಸಲ ಎರಡೂ ನಕಲಿ, ಅವಕ್ಕೆ ಮೂಲವಾದ ಅಸಲಿ ನಾಣ್ಯ ಮೂರನೆಯವರ ಪೆಟ್ಟಿಗೆಯಲ್ಲಿರುತ್ತದೆ. ಡೈ ಒಂದೇ ಇರುವುದು ತಪ್ಪಲ್ಲ, ಆಕಸ್ಮಿಕಗಳೂ ಒಂದೇ ಇರುವುದು ತಪ್ಪು. ಹೊಸದಾಗಿ ನೋಡುವವರು ಬಹುವಾಗಿ ಎಡವುವುದು ಇಲ್ಲಿಯೇ. ‘ಇಂಥದ್ದೇ ಇನ್ನೊಂದು ಮಾರಾಟಕ್ಕಿದೆ, ಹಾಗಾಗಿ ಇದು ನಕಲಿ’ ಎಂದು ಡೈ ಹೋಲಿಕೆಯನ್ನಷ್ಟೇ ಕಂಡು ಗಾಬರಿಯಾಗುತ್ತಾರೆ.

ನಕಲು ಮಾಡುವ ದಾರಿಗೆ ತಕ್ಕಂತೆ ಈ ಪರೀಕ್ಷೆಯ ಫಲವೂ ಬದಲಾಗುತ್ತದೆ.

ಎರಕದ ನಕಲಿ ಹಳೆಯ ದಾರಿ. ಅಸಲಿ ನಾಣ್ಯವೊಂದನ್ನು ಒತ್ತಿ ಎರಕದ ಅಚ್ಚು ಮಾಡಿ ಕರಗಿದ ಲೋಹ ಹೊಯ್ಯುತ್ತಾರೆ. ಇಲ್ಲಿ ಬಿಲ್ಲೆಯ ಆಕಾರವೂ ನಕಲಾಗುವುದರಿಂದ ಎರಡು ಪ್ರತಿಗಳ ಫೋಟೊಗಳನ್ನು ಒಂದರ ಮೇಲೊಂದು ಇಟ್ಟರೆ ಹೊರಗೆರೆ ಕೂಡ ಕೂತುಬಿಡುತ್ತದೆ. ಲೋಹ ಆರುವಾಗ ಕುಗ್ಗುವ ಕಾರಣ ಪ್ರತಿ ಮೂಲಕ್ಕಿಂತ ಕೂದಲೆಳೆಯಷ್ಟು ಚಿಕ್ಕದು. ಮೇಲ್ಮೈಯಲ್ಲಿ ಗಾಳಿಗುಳ್ಳೆಗಳ ಗುಂಡನೆಯ ಕುಳಿಗಳು, ಅಂಚಿನಲ್ಲಿ ಎರಡು ಅರ್ಧಗಳು ಕೂಡಿದ ಗೆರೆ ಅಥವಾ ಅದನ್ನು ಅರದಿಂದ ಉಜ್ಜಿ ಅಳಿಸಿದ ಗುರುತು ಸಿಗಬಹುದು. ನನಗೆ ಇವೆಲ್ಲಕ್ಕಿಂತ ಹೆಚ್ಚು ಭರವಸೆಯ ಸುಳಿವು ಸವೆತದ ಜಾಗ. ಅಸಲಿ ನಾಣ್ಯದಲ್ಲಿ ಮೊದಲು ಸವೆಯುವುದು ಉಬ್ಬಿದ ಭಾಗ, ಅಂದರೆ ಕೆನ್ನೆ, ಹುಬ್ಬು, ಕಿವಿಯ ಮೇಲಿನ ಕೂದಲು. ತಗ್ಗಿನಲ್ಲಿರುವ ಗೆರೆಗಳು, ಅಕ್ಷರದ ಬುಡ ನೆಲಕ್ಕೆ ತಾಗುವ ಕೋನಗಳು ಚೂಪಾಗಿಯೇ ಉಳಿಯುತ್ತವೆ. ಎರಕದ ನಾಣ್ಯದಲ್ಲಿ ತಗ್ಗುಗಳೂ ಸಾಬೂನಿನಂತೆ ನುಣುಪಾಗಿರುತ್ತವೆ. ಬೆರಳು ಮುಟ್ಟಲಾಗದ ಜಾಗ ಸವೆದಿದ್ದರೆ ಅದು ಸವೆತವಲ್ಲ.

ಎರಡನೆಯದು ಹೆಚ್ಚು ಅಪಾಯಕಾರಿ. ಅಸಲಿ ನಾಣ್ಯದಿಂದಲೇ ಹೊಸ ಡೈ ತಯಾರಿಸಿ, ಹೊಸ ಬಿಲ್ಲೆಗಳ ಮೇಲೆ ಒತ್ತುವ ಕ್ರಮವಿದು. ಇಂಥ ಡೈಗೆ ‘ಟ್ರಾನ್ಸ್‌ಫರ್ ಡೈ’ ಎನ್ನುತ್ತಾರೆ. ಬಿಲ್ಲೆ ಹೊಸದಾದ್ದರಿಂದ ಆಕಾರ ಬೇರೆ, ಅಂಚಿನ ಸೀಳು ಬೇರೆ, ಎರಕದ ಕುಳಿಗಳೂ ಇಲ್ಲ. ಅಸಲಿ ನಾಣ್ಯದೊಂದಿಗೆ ಹೋಲಿಸಿದರೆ ಡೈ ಮ್ಯಾಚ್ ಕೂಡ ಸಿಗುತ್ತದೆ, ಕೊಳ್ಳುವವರು ಖುಷಿಯಾಗಿಬಿಡುತ್ತಾರೆ. ಆದರೆ ಮೂಲ ನಾಣ್ಯದ ಗೀರು, ಕುಳಿ, ಸವೆತ ಕೂಡ ಆ ಡೈಯೊಳಗೆ ಹೋಗಿರುತ್ತವೆ. ಆಕಾರ ಬೇರೆಯಾದ ಎರಡು ನಾಣ್ಯಗಳಲ್ಲಿ ಚಕ್ರವರ್ತಿಯ ಕತ್ತಿನ ಮೇಲೆ ಒಂದೇ ಕುಳಿ ಇದ್ದರೆ ಕಾರಣ ಇದೇ. ಇನ್ನೊಂದು ಸುಳಿವೂ ಇದೆ. ಮೂಲದಲ್ಲಿ ಚಿತ್ರ ಒಂದು ಕಡೆ ಜಾರಿ ಅಕ್ಷರಗಳು ಅರ್ಧಕ್ಕೆ ಕತ್ತರಿಸಿಹೋಗಿದ್ದರೆ, ನಕಲಿಯಲ್ಲಿ ಬಿಲ್ಲೆಯ ಜಾಗ ಮಿಕ್ಕಿದ್ದರೂ ಅಕ್ಷರ ಅರ್ಧಕ್ಕೇ ನಿಲ್ಲುತ್ತದೆ. ಡೈಯಲ್ಲೇ ಇಲ್ಲದ್ದು ಬಿಲ್ಲೆಯ ಮೇಲೆ ಬರುವುದೆಲ್ಲಿಂದ?

ಮೂರನೆಯ ದಾರಿಯಲ್ಲಿ ಮೂಲ ನಾಣ್ಯವೇ ಇಲ್ಲ, ನಕಲಿಗಾರ ಸ್ವಂತ ಡೈ ಕೊರೆಯುತ್ತಾನೆ. ಇದರ ಚರಿತ್ರೆ ದೊಡ್ಡದು. ಇಟಲಿಯ ಪಾದುವಾ ನಗರದ ಜೊವಾನಿ ದ ಕವಿನೊ (1500–1570) ರೋಮನ್ನರ ದೊಡ್ಡ ಹಿತ್ತಾಳೆ ನಾಣ್ಯವಾದ ಸೆಸ್ಟರ್ಷಿಯಸ್‌ಗಳ ಮಾದರಿಯಲ್ಲಿ ಟಂಕಿಸಿದ ಪ್ರತಿಗಳು ಎಷ್ಟು ಸೊಗಸಾಗಿವೆ ಎಂದರೆ ಅವುಗಳನ್ನೇ ‘ಪಾದುವನ್’ ಎಂದು ಹೆಸರಿಟ್ಟು ಸಂಗ್ರಹಿಸುವವರಿದ್ದಾರೆ. ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ (1772–1830) ಮುನ್ನೂರಕ್ಕೂ ಹೆಚ್ಚು ಡೈಗಳನ್ನು ಕೊರೆದ. ಹೊಸ ಹೊಳಪು ಹೋಗಲೆಂದು ನಾಣ್ಯಗಳನ್ನು ಕಬ್ಬಿಣದ ಚೂರು, ಜಿಡ್ಡಿನೊಂದಿಗೆ ಪೆಟ್ಟಿಗೆಯಲ್ಲಿಟ್ಟು ತನ್ನ ಗಾಡಿಗೆ ಕಟ್ಟಿಕೊಂಡು ತಿರುಗಾಡಿಸುತ್ತಿದ್ದ ಎಂಬ ಕಥೆ ಪ್ರಸಿದ್ಧ. ಅವನ ಜಾಣತನ ನಿಜವಾಗಿ ಕಾಣುವುದು ಇನ್ನೊಂದು ಕಡೆ: ಕೆಲವೊಮ್ಮೆ ಅವನು ಬೆಲೆ ಇಲ್ಲದ ನಿಜವಾದ ಪ್ರಾಚೀನ ನಾಣ್ಯಗಳನ್ನೇ ಬಿಲ್ಲೆಯಾಗಿ ಬಳಸಿ ಅವುಗಳ ಮೇಲೆ ಅಪರೂಪದ ನಾಣ್ಯಗಳ ಡೈ ಒತ್ತಿದ. ಅಂಥದ್ದನ್ನು ಲೋಹ ಪರೀಕ್ಷೆಗೆ ಒಡ್ಡಿದರೆ ಲೋಹ ಪ್ರಾಚೀನವೆಂದೇ ಬರುತ್ತದೆ. ಅವನನ್ನು ಹಿಡಿದುಕೊಡುವುದು ಡೈ. ಬೆಕರ್‌ನ ಡೈಗಳು ಬರ್ಲಿನ್ನಿನ ನಾಣ್ಯ ಸಂಗ್ರಹದಲ್ಲಿ ಉಳಿದಿವೆ, ಅವುಗಳ ಚಿತ್ರಗಳು ಪ್ರಕಟವಾಗಿವೆ. ಮುಂದಿರುವ ನಾಣ್ಯ ಅವುಗಳಲ್ಲಿ ಒಂದಕ್ಕೆ ಕೂಡಿಬಂದರೆ ವಿಚಾರಣೆ ಮುಗಿದಂತೆ.

ಹೀಗೆ ಡೈ ಮ್ಯಾಚ್‌ಗೆ ಎರಡು ಮುಖಗಳಿವೆ. ತಿಳಿದ ನಕಲಿಯೊಂದಿಗೆ ಹೊಂದಿದರೆ ನಾಣ್ಯ ನಕಲಿಯೇ ಸರಿ. ಹಳೆಯ ಸಂಗ್ರಹಾಲಯದಲ್ಲಿರುವ ಅಥವಾ ನೂರು ವರ್ಷದ ಹಿಂದಿನ ಹರಾಜಿನ ಪಟ್ಟಿಯಲ್ಲಿ ಅಚ್ಚಾದ ನಾಣ್ಯದೊಂದಿಗೆ ಹೊಂದಿ, ಆಕಸ್ಮಿಕ ಗುರುತುಗಳು ಮಾತ್ರ ಬೇರೆ ಇದ್ದರೆ ಅದು ನಾಣ್ಯದ ಪರವಾದ ಒಳ್ಳೆಯ ಸಾಕ್ಷಿ. ಪೂರ್ತಿ ತೀರ್ಪು ಎನ್ನಲಾರೆ, ಟ್ರಾನ್ಸ್‌ಫರ್ ಡೈಯ ಮಾತು ಆಗಲೇ ಬಂತಲ್ಲ.

ಹೋಲಿಕೆಗೆ ಚಿತ್ರಗಳು ಎಲ್ಲಿ ಸಿಗುತ್ತವೆ? ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ನಡೆಸುವ ‘ಓಕ್ರೆ’ ಎಂಬ ಜಾಲತಾಣ ಸಾಮ್ರಾಜ್ಯ ಕಾಲದ ನಾಣ್ಯಗಳಿಗೆ, ಅದರ ಜೊತೆಯ ‘ಸಿಆರ್‌ಆರ್‌ಒ’ ಗಣರಾಜ್ಯ ಕಾಲದ ನಾಣ್ಯಗಳಿಗೆ ಮೀಸಲು. ಎರಡೂ ಉಚಿತ, ಅನೇಕ ಸಂಗ್ರಹಾಲಯಗಳ ಫೋಟೊಗಳಿಗೆ ಕೊಂಡಿ ಕೊಡುತ್ತವೆ. ಹಳೆಯ ಹರಾಜುಗಳ ಫೋಟೊಗಳಿಗೆ ‘ಎಸಿಸರ್ಚ್’ ಮತ್ತು ‘ಕಾಯಿನ್‌ಆರ್ಕೈವ್ಸ್’ ಇವೆ. ನಕಲಿಗಳನ್ನೇ ಕೂಡಿಸಿಟ್ಟ ಚಿತ್ರಸಂಗ್ರಹಗಳೂ ಇವೆ, ಬಿಡ್ ಹಾಕುವ ಮೊದಲು ಅವನ್ನು ನೋಡದಿರುವುದು ದುಡುಕು. ಹೋಲಿಸುವಾಗ ಮುಖದ ಚೆಲುವಿನ ಕಡೆ ನೋಡಬೇಡಿ, ಅಕ್ಷರಗಳ ಕಡೆ ನೋಡಿ. ಒಂದು ಅಕ್ಷರದಿಂದ ಮೂಗಿಗೆ, ಇನ್ನೊಂದರಿಂದ ನೆತ್ತಿಗೆ ಮನಸ್ಸಿನಲ್ಲೇ ಗೆರೆ ಎಳೆದು ಎರಡೂ ಫೋಟೊಗಳಲ್ಲಿ ಅವು ಒಂದೇ ಕಡೆ ಹಾಯುತ್ತವೆಯೇ ಎಂದು ಪರೀಕ್ಷಿಸುವುದು ಅಭ್ಯಾಸವಾದರೆ ಕೆಲಸ ಬೇಗ ಸಾಗುತ್ತದೆ.

ಮಾರುವವರ ಪುಟವೂ ಸಾಕ್ಷಿ ಹೇಳುತ್ತದೆ. ಅವರು ಈ ಹಿಂದೆ ಮಾರಿದ ನಾಣ್ಯಗಳನ್ನು ಹಿಂದಕ್ಕೆ ಹೋಗಿ ನೋಡಬೇಕು. ಒಂದೇ ಸೀಳಿನ, ಒಂದೇ ಗೀರಿನ ನಾಣ್ಯ ಕೆಲವು ತಿಂಗಳ ಅಂತರದಲ್ಲಿ ಎರಡು ಸಲ ಮಾರಾಟವಾಗಿದ್ದರೆ ಬೇರೆ ಪುರಾವೆ ಬೇಡ. (ಮೊದಲ ಕೊಳ್ಳುಗ ಹಿಂದಿರುಗಿಸಿದ ಅದೇ ನಾಣ್ಯವಾಗಿರಬಹುದು, ಬೆಳಕು ಮತ್ತು ಕೊಳೆಯ ಗುರುತು ಒಂದೇ ಇದೆಯೇ ಎಂದು ನೋಡಿಕೊಳ್ಳಿ.) ಮಸುಕು ಫೋಟೊ, ತೂಕ ಬರೆಯದಿರುವುದು, ‘ತಾತನ ಪೆಟ್ಟಿಗೆಯಲ್ಲಿ ಸಿಕ್ಕಿತು, ನನಗೆ ನಾಣ್ಯದ ಬಗ್ಗೆ ಗೊತ್ತಿಲ್ಲ’ ಎಂಬ ಒಕ್ಕಣೆ, ಬಿಡ್ ಮಾಡಿದವರ ಹೆಸರು ಮರೆಮಾಡಿದ ಖಾಸಗಿ ಹರಾಜು, ಇವು ಒಂದೊಂದೇ ಬಂದರೆ ಅಂಥ ದೋಷವಲ್ಲ. ಎಲ್ಲವೂ ಕೂಡಿ ಬಂದರೆ ಅಲ್ಲಿಂದ ಎದ್ದು ಬರುವುದೇ ಲೇಸು. ಅಂಚಿನ ಫೋಟೊ ಕೇಳಿ. ಕೊಡಲು ಒಪ್ಪದವರಿಂದ ಕೊಳ್ಳಬೇಕಾದ ನಾಣ್ಯ ಯಾವುದೂ ಇಲ್ಲ.

ತೂಕದ ಲೆಕ್ಕ ಗೊತ್ತಿದ್ದರೆ ಉಪಯೋಗ. ಬೆಳ್ಳಿಯ ಡೆನಾರಿಯಸ್ ಗಣರಾಜ್ಯದ ಕೊನೆಯ ಕಾಲದಲ್ಲಿ 3.9 ಗ್ರಾಂ ಆಸುಪಾಸು, ಕ್ರಿ.ಶ. 64ರಲ್ಲಿ ನೀರೋ ತಗ್ಗಿಸಿದ ಮೇಲೆ ಸುಮಾರು 3.4 ಗ್ರಾಂ. ಚಿನ್ನದ ಔರಿಯಸ್ ನೀರೋನ ನಂತರ ಸುಮಾರು 7.3 ಗ್ರಾಂ. ಚಿನ್ನದಲ್ಲಿ ಟಂಕಸಾಲೆ ಬಿಗಿಯಾಗಿತ್ತು, ಬೆಳ್ಳಿಯಲ್ಲಿ ಅಷ್ಟಿಲ್ಲ, ಸವೆದ ಡೆನಾರಿಯಸ್ ಮೂರು ಗ್ರಾಮಿಗಿಂತ ಕೆಳಗಿಳಿದರೂ ಅಸಲಿಯಾಗಿರಬಹುದು. ಇಡೀ ಗುಂಪಿನ ನಾಣ್ಯಗಳೆಲ್ಲ ಒಂದೇ ತೂಕ ತೋರಿದರೆ ಸಂಶಯಪಡಿ.

ಹಗುರವಾದದ್ದೆಲ್ಲ ಇಂದಿನ ನಕಲಿ ಎಂದೂ ಅಲ್ಲ. ರೋಮನ್ನರ ಕಾಲದಲ್ಲೇ ತಾಮ್ರದ ಬಿಲ್ಲೆಗೆ ಬೆಳ್ಳಿಯ ಹೊದಿಕೆ ಹಾಕಿ ಟಂಕಿಸಿದ ಮೋಸದ ನಾಣ್ಯಗಳಿದ್ದವು. ‘ಫೂರೇ’ ಎಂದು ಕರೆಯುವ ಇವುಗಳಲ್ಲಿ ಬೆಳ್ಳಿ ಕಿತ್ತುಬಂದ ಕಡೆ ತಾಮ್ರ, ಅದರ ಹಸಿರು ಕಿಲುಬು ಇಣುಕುತ್ತದೆ. ಕ್ರಿ.ಶ. ಮೊದಲ ಶತಮಾನದ ಲೇಖಕ ಪ್ಲಿನಿ ತನ್ನ ಕಾಲದಲ್ಲಿ ಜನ ಖೋಟಾ ಡೆನಾರಿಯಸ್‌ನ ಮಾದರಿಯೊಂದಕ್ಕೆ ಹಲವು ಅಸಲಿ ಡೆನಾರಿಯಸ್‌ಗಳನ್ನು ತೆರುತ್ತಿದ್ದರು ಎಂದು ಬರೆದಿದ್ದಾನೆ. ಪ್ರಾಚೀನವೆಂದು ತಿಳಿಸಿ ಮಾರಿದರೆ ಫೂರೇ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಎರಕದ ಡೆನಾರಿಯಸ್‌ಗಳನ್ನೂ ಪ್ರಾಚೀನರು ಮಣ್ಣಿನ ಅಚ್ಚುಗಳಲ್ಲಿ ಹೊಯ್ದಿದ್ದಾರೆ, ಅಂಥ ಅಚ್ಚುಗಳು ಉತ್ಖನನಗಳಲ್ಲಿ ಸಿಕ್ಕಿವೆ.

ಡೈ ಹೋಲಿಕೆ ಸೋಲುವ ಜಾಗಗಳೂ ಇವೆ. ನಾಣ್ಯ ತೀರ ಅಪರೂಪವಾದರೆ ಹೋಲಿಸಲು ಎರಡನೆಯದೇ ಇರುವುದಿಲ್ಲ. 1713ರಲ್ಲಿ ಇಂದಿನ ರುಮೇನಿಯಾದ ಟ್ರಾನ್ಸಿಲ್ವೇನಿಯಾದಲ್ಲಿ ಸಿಕ್ಕವೆನ್ನಲಾದ ಸ್ಪಾನ್ಸಿಯನ್ ಹೆಸರಿನ ಚಿನ್ನದ ನಾಣ್ಯಗಳನ್ನೇ ನೋಡಿ. ಅಂಥ ಚಕ್ರವರ್ತಿಯ ಸುದ್ದಿ ಬೇರೆಲ್ಲೂ ಇಲ್ಲ, ನಾಣ್ಯಗಳು ಎರಕದವು, 19ನೇ ಶತಮಾನದಲ್ಲಿ ವಿದ್ವಾಂಸರು ಅವನ್ನು ನಕಲಿ ಎಂದು ಬದಿಗಿಟ್ಟರು. 2022ರಲ್ಲಿ ಬ್ರಿಟನ್ನಿನ ಸಂಶೋಧಕರು ಗ್ಲಾಸ್ಗೋದ ಹಂಟೇರಿಯನ್ ಸಂಗ್ರಹಾಲಯದ ಪ್ರತಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಸವೆತ ಮತ್ತು ಮೇಲೆ ಗಟ್ಟಿಯಾದ ಮಣ್ಣಿನ ಪದರದ ಆಧಾರದಿಂದ ಅವು ಅಸಲಿ ಎಂದರು, ಹಲವು ನಾಣ್ಯತಜ್ಞರು ಒಪ್ಪಲಿಲ್ಲ. ಇಷ್ಟು ಉಪಕರಣಗಳ ನಡುವೆಯೂ ವಾದ ಮುಗಿಯದ ವಸ್ತುವನ್ನು ಎರಡು ಫೋಟೊ ನೋಡಿ ತೀರ್ಮಾನಿಸಲು ಹೊರಡಬಾರದು.

ಕಾಗದಪತ್ರ ಹೆಚ್ಚಿನ ಭದ್ರತೆ ಎನಿಸಬಹುದು, ಅದಕ್ಕೂ ಮಿತಿಯಿದೆ. ಸೀಸರನ ಹತ್ಯೆಯನ್ನು ಎರಡು ಕಠಾರಿಗಳ ಚಿತ್ರದಿಂದ ಸಾರುವ ಬ್ರೂಟಸ್‌ನ ‘ಈದ್ ಮಾರ್’ (ಹತ್ಯೆ ನಡೆದ ಮಾರ್ಚ್ ನಡುದಿನದ ಲ್ಯಾಟಿನ್ ಹೆಸರಿನ ಚುಟುಕು ರೂಪ) ನಾಣ್ಯದ ಚಿನ್ನದ ಪ್ರತಿಯೊಂದು 2020ರಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 42 ಲಕ್ಷ ಡಾಲರಿಗೆ ಹೋಯಿತು. ಅದರ ಹಿಂದಿನ ಒಡೆತನದ ದಾಖಲೆ ಸುಳ್ಳೆಂದು ಆಮೇಲೆ ತಿಳಿದು, 2023ರಲ್ಲಿ ಅಮೆರಿಕದ ಅಧಿಕಾರಿಗಳು ನಾಣ್ಯವನ್ನು ಗ್ರೀಸಿಗೆ ಒಪ್ಪಿಸಿದರು. ಅಲ್ಲಿ ಸುಳ್ಳಾಗಿದ್ದದ್ದು ಕಾಗದ. ಇದೇ ನಾಣ್ಯದ ಬೆಳ್ಳಿಯ ರೂಪ ನಕಲಿಗಾರರಿಗೆ ಬಲು ಪ್ರಿಯ, ಅಗ್ಗದ ಹರಾಜಿನಲ್ಲಿ ಕಂಡರೆ ಅಸಲಿಯಾಗಿರುವ ಸಂಭವ ಇಲ್ಲವೆಂದೇ ತಿಳಿಯಬಹುದು.

ಕೊಂಡ ಮೇಲೆ ನಕಲಿ ಎಂದು ಗೊತ್ತಾದರೆ ಹರಾಜು ತಾಣದ ಹಿಂದಿರುಗಿಸುವ ಗಡುವಿನೊಳಗೆ ಹೋಲಿಕೆಯ ಫೋಟೊಗಳನ್ನು ಪಕ್ಕಪಕ್ಕ ಇಟ್ಟು, ಒಂದೇ ಆಗಿರುವ ಗೀರು ಮತ್ತು ಸೀಳುಗಳಿಗೆ ಗುರುತು ಹಾಕಿ ದೂರು ಕೊಡಿ. ಶೈಲಿ ಸರಿಯಿಲ್ಲ ಎಂಬ ವಾದಕ್ಕೆ ಉತ್ತರ ಹೇಳುವ ಮಾರಾಟಗಾರರು ಈ ಜೋಡಿ ಚಿತ್ರಕ್ಕೆ ಉತ್ತರ ಹೇಳಲಾರರು. ಹಿಂದಕ್ಕೆ ಕಳಿಸುವ ಮೊದಲು ಎರಡೂ ಮುಖ, ಅಂಚು, ತೂಕ, ವ್ಯಾಸ ದಾಖಲಿಸಿಕೊಂಡು ನಕಲಿಗಳ ಚಿತ್ರಸಂಗ್ರಹವೊಂದಕ್ಕೆ ಸೇರಿಸಿ. ಅದೇ ಡೈಯ ಇನ್ನೊಂದು ಪ್ರತಿ ಬೇರೊಂದು ಹೆಸರಿನ ಖಾತೆಯಿಂದ ಮಾರಾಟಕ್ಕೆ ಬಂದಾಗ ಅದನ್ನು ನೋಡುತ್ತಿರುವವರಿಗೆ ಹೋಲಿಸಲು ಸಿಗುವುದು ಆ ಚಿತ್ರವೇ.